ಕೆಮ್ಮಣ್ಣಿನ ಗೋಡೆ

ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡುವ ಮೊದಲೇ ಆ ವಾಸನೆ ಭವ್ಯಾಳ ಮೂಗಿಗೆ ಬಡಿಯಿತು.

ಒದ್ದೆ ಕೆಮ್ಮಣ್ಣು...

ಅವಳ ಬಾಯಲ್ಲಿ ನೀರೂರಿತು. ಮರುಕ್ಷಣವೇ ತನ್ನ ಬಾಯಿಯ ಮೇಲೆ ತನಗೇ ಸಿಟ್ಟು ಬಂತು. ಎಂಬಿಬಿಎಸ್ ಓದಿ, ಕುತ್ತಿಗೆಗೆ ಸ್ಟೆತಾಸ್ಕೋಪ್ ಹಾಕಿಕೊಂಡು, ಇಲಾಖೆಯ ಜೀಪಿನಲ್ಲಿ ಬಂದಿಳಿದ ಡಾಕ್ಟರಮ್ಮನಿಗೆ ಹಸಿ ಮಣ್ಣಿನ ವಾಸನೆಗೆ ಬಾಯಲ್ಲಿ ನೀರು ಬರುವುದೆಂದರೆ ಏನರ್ಥ? ಅರ್ಥ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅದನ್ನು ತಪ್ಪಾಗಿ ತಿಳಿದುಕೊಂಡು ಅವಳ ಬದುಕನ್ನು ಬೀದಿಗೆ ತಂದ ಊರು ಇದು.

ಕೋಣೆಯೊಳಗೆ ಒಬ್ಬ ಗಂಡಸು ಗೋಡೆಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿದ್ದ. ಮೊಣಕೈವರೆಗೆ ಕೆಂಪು. ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಅದರ ಮೇಲೆ ಹಸೆ ಚಿತ್ತಾರ ಬರೆಯುತ್ತಿದ್ದ. ಮದುವೆ ಮನೆಯ ಗೋಡೆಗೆ ದೀವರ ಹೆಂಗಸರು ಬರೆಯುವ ಚಿತ್ತಾರ ಅದು. ಇವನ ಕೈಯಲ್ಲಿ ಗೆರೆಗಳೆಲ್ಲ ಸೊಟ್ಟಸೊಟ್ಟಗೆ ಹೋಗಿದ್ದವು.

"ಯಾರ್ರೀ ಅದು? ಕ್ಲಿನಿಕ್ಕಿಗೆ ಅಂತ ಕೊಟ್ಟ ಕೋಣೆ ಇದೇನಾ?"

ಅವನು ತಿರುಗಿದ.

ರಾಜೇಂದ್ರ.

ಮೀಸೆ ಬಂದಿತ್ತು, ಮೈ ತುಂಬಿತ್ತು. ಕಣ್ಣು ಮಾತ್ರ ಅವೇ. ಕುಂಚದ ತುದಿಯ ಹಿಟ್ಟು ತೊಟ್ಟಿಕ್ಕಿ ಅವನ ಪ್ಯಾಂಟಿನ ಮೇಲೆ ಬೀಳುತ್ತಿದ್ದರೂ ಅವನಿಗೆ ಅದರ ಪರಿವೆಯಿರಲಿಲ್ಲ.

"ಭವ್ಯಾ..."

"ಡಾಕ್ಟರ್ ಭವ್ಯಾ."

"ಹೊಸ ಡಾಕ್ಟರ್ ಬರ್ತಾರೆ ಅಂದಿದ್ರು. ಯಾರು ಅಂತ ಹೇಳಿರ್ಲಿಲ್ಲ."

"ಹೇಳಿದ್ರೆ ಎಂತ ಮಾಡ್ತಿದ್ರಿ? ಮತ್ತೆ ಹೊಸನಗರಕ್ಕೆ ಓಡಿ ಹೋಗ್ತಿದ್ರಾ?"

ಅವನು ತಲೆ ತಗ್ಗಿಸಿದ. ಆ ತಗ್ಗಿದ ತಲೆಯನ್ನು ನೋಡಲು ಅವಳು ಹದಿಮೂರು ವರ್ಷ ಕಾದಿದ್ದಳು. ನೋಡಿದ್ದಾಯಿತು. ಆದರೂ ಹೊಟ್ಟೆ ತುಂಬಲಿಲ್ಲ.

"ಇದು ಆಸ್ಪತ್ರೆ ಕೋಣೆ, ಮದುವೆ ಮನೆ ಅಲ್ಲ. ಮಣ್ಣು ಮೆತ್ತಿದ ಗೋಡೆ ಮಧ್ಯೆ ಮಕ್ಕಳಿಗೆ ಔಷಧಿ ಕೊಡೋಕಾಗ್ತದಾ? ಎಲ್ಲಾ ಕೆರೆದು ತೆಗೀರಿ. ಬಿಳಿ ಬಣ್ಣ ಆಗ್ಬೇಕು."

"ಆಯ್ತು."

"ಆಳಿಟ್ಟು ಅಲ್ಲ. ನೀವೇ ಕೆರೀಬೇಕು."

"ಆಯ್ತು ಡಾಕ್ಟ್ರೇ."

ಅಷ್ಟರಲ್ಲಿ ಹೆಡ್‌ಮಾಸ್ಟರ್ ಶ್ರೀಕರ ಹೆಗಡೆಯವರು ಏದುಸಿರು ಬಿಡುತ್ತ ಬಂದರು. "ಮೇಡಂ, ಇವರು ನಮ್ಮ ವಿಜ್ಞಾನದ ಮೇಷ್ಟ್ರು. ಶಾಲೆ ಒಳಗೇ ಒಂದು ಕ್ಲಿನಿಕ್ ಆಗ್ಬೇಕು ಅಂತ ಸಾಗರ, ಶಿವಮೊಗ್ಗ ಎಲ್ಲಾ ಕಡೆ ಚಪ್ಪಲಿ ಸವೆಸಿದ್ದು ಇವರೇ. ವಾರಕ್ಕೆ ಎರಡು ದಿನ ನೀವು ಬರೋ ಹಾಗಾಯ್ತಲ್ಲ, ನಮ್ಮ ಭಾಗ್ಯ."

'ಪಾಪ ತೊಳೆದುಕೊಳ್ಳೋಕೆ ಓಡಾಡಿರ್ತಾನೆ' ಎಂದುಕೊಂಡಳು ಭವ್ಯಾ. ಬಾಯಲ್ಲಿ ಮಾತ್ರ, "ಭಾಗ್ಯ ಯಾರದ್ದು ಅಂತ ಮುಂದೆ ನೋಡೋಣ ಸಾರ್" ಎಂದಳು.

ಹಿಂದೆ ಕರ್ರ್ ಎಂದು ಗೋಡೆ ಕೆರೆಯುವ ಸದ್ದು ಆಗಲೇ ಶುರುವಾಗಿತ್ತು.

*

ಕಾರ್ಗಲ್ಲಿನಿಂದ ಒಳಕ್ಕೆ ಹಿನ್ನೀರಿನ ಮಗ್ಗುಲಲ್ಲೇ ಹೋದರೆ ಮುತ್ತಲಗೋಡು. ಭವ್ಯಾ ಇದೇ ಊರಿನ ಮಾಸ್ತಪ್ಪ, ದುಗ್ಗಮ್ಮನ ಮಗಳು. ಇದೇ ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ತರಗತಿಯವರೆಗೆ ಓದಿದವಳು. ರಾಜೇಂದ್ರ ಅವಳಿಗಿಂತ ಒಂದು ತರಗತಿ ಮುಂದೆ.

ಒಂಬತ್ತನೇ ತರಗತಿಯಲ್ಲಿ ಅವಳಿಗೊಂದು ವಿಚಿತ್ರ ಆಸೆ ಹತ್ತಿಕೊಂಡಿತು. ಕೆಮ್ಮಣ್ಣು ಕಂಡರೆ ತಿನ್ನಬೇಕು. ತಿನ್ನದೇ ಹೋದರೆ ಕೈಕಾಲು ಆಡುವುದಿಲ್ಲ. ದುಗ್ಗಮ್ಮ ಊರಿಗೆಲ್ಲ ಹಸೆ ಬರೆಯುವವಳು. ಮನೆಯ ಮೂಲೆಯಲ್ಲಿ ಸೋಸಿ ಒಣಗಿಸಿದ ಕೆಮ್ಮಣ್ಣಿನ ಉಂಡೆಗಳು ಸದಾ ಇರುತ್ತಿದ್ದವು. ಅವು ಒಂದೊಂದಾಗಿ ಮಾಯವಾದವು. ಅಮ್ಮನಿಗೆ ಗೊತ್ತಾಗಿ ಬೆನ್ನಿಗೆ ಗುದ್ದು ಬಿದ್ದ ಮೇಲೆ ಭವ್ಯಾಳಿಗೆ ರಾಜೇಂದ್ರನ ಮನೆಯ ಹಿಂದಿನ ಧರೆ, ಗುಡ್ಡ ಕಡಿದ ಮಣ್ಣಿನ ಗೋಡೆ, ನೆನಪಾಯಿತು. ಅಲ್ಲಿನ ಮಣ್ಣು ಇನ್ನೂ ನುಣುಪು.

"ಒಂದು ಹೆಂಟೆ ತಂದ್ಕೊಡ್ತೀಯಾ? ಯಾರಿಗೂ ಹೇಳಬಾರದು."

ಅವನು ಎಂತಕ್ಕೆ ಎಂದು ಕೇಳಲಿಲ್ಲ. ದಿನಾ ಬೆಳಿಗ್ಗೆ ಕಂಪಾಸ್ ಬಾಕ್ಸಿನಲ್ಲಿ ಒಂದು ಹೆಂಟೆ ಇಟ್ಟುಕೊಂಡು ಬರುತ್ತಿದ್ದ. ಅವಳು ನೀರಿನ ಟ್ಯಾಂಕಿನ ಹಿಂದೆ ನಿಂತು ತಿನ್ನುವಾಗ ಇವನು ಈಚೆ ಕಾವಲು. ಹದಿನೈದರ ಹುಡುಗಿಗೆ ತನ್ನ ಗುಟ್ಟು ಕಾಯುವ ಹುಡುಗನ ಮೇಲೆ ಏನು ಹುಟ್ಟಬೇಕೋ ಅದು ಹುಟ್ಟಿತ್ತು. ಅದನ್ನು ಬಾಯಿಬಿಟ್ಟು ಹೇಳುವ ವಯಸ್ಸಾಗಿರಲಿಲ್ಲ ಅಷ್ಟೆ.

ಒಂದು ದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಅವಳು ಸಾಲಿನಲ್ಲೇ ಕುಸಿದು ಬಿದ್ದಳು. ಸಂಜೆ ಬಿಸಿಯೂಟದ ಅಡುಗೆಯ ಹುಲಿಯಮ್ಮ ನೇರ ಅವರ ಮನೆ ಅಂಗಳಕ್ಕೇ ಬಂದು ನಿಂತಳು.

"ರಾಜೇಂದ್ರ ನನ್ನ ಹತ್ರ ಎಲ್ಲಾ ಬಾಯಿಬಿಟ್ಟಿದಾನೆ ದುಗ್ಗಕ್ಕ. ದಿನಾ ಮಣ್ಣು ಬೇಕಂತೆ ನಿನ್ನ ಮಗಳಿಗೆ. ಹೆಣ್ಣಿಗೆ ಮಣ್ಣಿನ ಆಸೆ ಯಾವಾಗ ಆಗ್ತದೆ ಅಂತ ನಾನು ನಿನಗೆ ಹೇಳಿಕೊಡ್ಬೇಕಾ?"

ಮಣ್ಣಿನ ಬಯಕೆ ಬಸುರಿಯರಿಗೆ ಮಾತ್ರ ಬರುವುದು ಎಂಬುದು ಆ ಊರಿನ ಹೆಂಗಸರಿಗೆ ಸೂರ್ಯ ಮೂಡುವಷ್ಟು ಖಚಿತವಾಗಿದ್ದ ಸಂಗತಿ. ಮರುದಿನದಿಂದ ಭವ್ಯಾ ಎಲ್ಲಿ ಹೋದರೂ ಊರಿನ ಕಣ್ಣೆಲ್ಲ ಅವಳ ಹೊಟ್ಟೆಯ ಮೇಲೆ. ರಾಜೇಂದ್ರ ಮರುವಾರವೇ ಹೊಸನಗರದ ಹಾಸ್ಟೆಲು ಸೇರಿದ. ತನ್ನ ಗುಟ್ಟನ್ನು ಹುಲಿಯಮ್ಮನ ಬಾಯಿಗೆ ಹಾಕಿ, ಅವನು ತಲೆ ತಪ್ಪಿಸಿಕೊಂಡ ಎಂದು ಭವ್ಯಾ ಅವತ್ತೇ ತೀರ್ಮಾನಿಸಿದಳು.

ದುಗ್ಗಮ್ಮ ಮಗಳನ್ನು ತೀರ್ಥಹಳ್ಳಿಗೆ, ತಂಗಿ ಸರೋಜಳ ಮನೆಗೆ ಕಳಿಸಿದಳು. ಸರೋಜ ಚಿಕ್ಕಮ್ಮ ಬೈಯಲೂ ಇಲ್ಲ, ಅಳಲೂ ಇಲ್ಲ, ಆಸ್ಪತ್ರೆಗೆ ಕರೆದೊಯ್ದಳು. ಹೊಟ್ಟೆಯಲ್ಲಿ ಕೊಕ್ಕೆಹುಳ. ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧವೂ ಇಲ್ಲ. ಮಣ್ಣು ತಿನ್ನುವ ಆಸೆ ಅದರಿಂದಲೇ. ಮಾತ್ರೆ ತಿಂದಳು, ಹುಳ ಹೋಯಿತು, ಕೆನ್ನೆಗೆ ಬಣ್ಣ ಬಂತು. ಹಬ್ಬಕ್ಕೆಂದು ಊರಿಗೆ ಬಂದಾಗ ಹೆಂಗಸರು ಅವಳ ಮುಖ ನೋಡಿ ಪರಸ್ಪರ ಕಣ್ಣು ಮಿಟುಕಿಸಿದರು.

"ತೀರ್ಥಹಳ್ಳಿಗೆ ಹೋಗಿ ಬಸುರು ಕಳಕೊಂಡು ಬಂದ್ಲು ಅಲ್ದಾ..."

ವಾಸಿಯಾದದ್ದೇ ಅವಳ ಮೇಲೆ ಸಾಕ್ಷಿಯಾಯಿತು. ಅದಕ್ಕಿಂತ ದೊಡ್ಡ ಅನ್ಯಾಯ ಉಂಟೇ?

ಅವತ್ತಿನಿಂದ ಮುತ್ತಲಗೋಡಿನ ಯಾವ ಮದುವೆಗೂ ದುಗ್ಗಮ್ಮನನ್ನು ಹಸೆ ಬರೆಯಲು ಕರೆಯಲಿಲ್ಲ. ಅಪ್ಪ ಮಾಸ್ತಪ್ಪ ನಾಲ್ಕು ಜನ ಸೇರುವ ಕಡೆ ಹೋಗುವುದನ್ನೇ ಬಿಟ್ಟ. ಭವ್ಯಾ ತೀರ್ಥಹಳ್ಳಿಯಲ್ಲೇ ಹಲ್ಲು ಕಚ್ಚಿ ಓದಿದಳು. ನಿದ್ದೆ ಬಂದಾಗಲೆಲ್ಲ ಹುಲಿಯಮ್ಮನ ಆ ಮಾತು ನೆನಪಿಸಿಕೊಳ್ಳುತ್ತಿದ್ದಳು. ನಿದ್ದೆ ಹಾರಿಹೋಗುತ್ತಿತ್ತು.

ಮುತ್ತಲಗೋಡಿನ ಶಾಲೆಯಲ್ಲಿ ಕ್ಲಿನಿಕ್ ತೆರೆಯುತ್ತಾರೆ, ಡಾಕ್ಟರ್ ಬೇಕು ಎಂದಾಗ ಯಾರೂ ಮುಂದೆ ಬರಲಿಲ್ಲ. ಭವ್ಯಾ ಕೇಳಿ ಪಡೆದುಕೊಂಡಳು. ಸೇವೆ ಮಾಡಬೇಕೆಂದಲ್ಲ... ಸೇಡು ತೀರಿಸಿಕೊಳ್ಳಬೇಕೆಂದು.

*

ಆಮೇಲೆ ಅವಳು ರಾಜೇಂದ್ರನಿಗೆ ಚೆನ್ನಾಗಿಯೇ ನೀರು ಕುಡಿಸಿದಳು.

ಬಿಳಿ ಬಣ್ಣ ಹೊಡೆದದ್ದಕ್ಕೆ, "ಇದು ಬಿಳಿ ಅಲ್ಲ, ಮಾಸಲು" ಎಂದು ಇನ್ನೊಮ್ಮೆ ಹೊಡೆಸಿದಳು. ಬಾವಿಕಟ್ಟೆಯಿಂದ ಪೈಪು ಎಳೆಸಿ ಕೈ ತೊಳೆಯುವ ಬೇಸಿನ್ ಹಾಕಿಸಿದಳು. ಹಾಕಿದ ಮೇಲೆ ಎತ್ತರ ಜಾಸ್ತಿಯಾಯಿತು ಎಂದು ಕೀಳಿಸಿದಳು. ಕಿಟಕಿಗೆ ಸೊಳ್ಳೆ ಬಲೆ ಬೇಕೆಂದಳು. ಬಂದ ಬಲೆಯ ಕಣ್ಣು ದೊಡ್ಡದೆಂದು ವಾಪಸು ಕಳಿಸಿದಳು. ಅವನು ಪಾಠ ಮುಗಿಸಿ ಬಂದು, ಅಂಗಿ ತೋಳು ಮಡಚಿ, ಹೇಳಿದ್ದನ್ನೆಲ್ಲ ಮಾಡಿದ. ಒಂದು ದಿನವೂ ಎದುರು ಮಾತಾಡಲಿಲ್ಲ.

ಅದೇ ಅವಳಿಗೆ ಇನ್ನಷ್ಟು ಉರಿ. ಜಗಳಕ್ಕೆ ಬಂದವಳಿಗೆ ಎದುರಿಗಿರುವವನು ಜಗಳವನ್ನೇ ಆಡದಿದ್ದರೆ ಬಂದದ್ದಕ್ಕೇನು ಬೆಲೆ?

ಮೂರನೇ ಸಲ ಬಲೆ ಹೊಡೆಯುವಾಗ ತಂತಿ ಅವನ ಅಂಗೈ ಸೀಳಿತು. ರಕ್ತ ಸುರಿಯುವ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಅವನು ಅತ್ತಿತ್ತ ನೋಡುತ್ತಿದ್ದ.

"ಕೈ ತೋರಿಸಿ."

"ಎಂತದೂ ಇಲ್ಲ ಡಾಕ್ಟ್ರೇ."

"ತೋರಿಸಿ ಅಂದೆ."

ಭವ್ಯಾ ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ನೋಡಿದಳು. ಅಂಗೈ ತುಂಬ ಬೊಬ್ಬೆ... ಗೋಡೆ ಕೆರೆದ ಬೊಬ್ಬೆ, ಪೈಪಿಗೆ ನೆಲ ಅಗೆದ ಬೊಬ್ಬೆ. ಎಲ್ಲವೂ ಅವಳು ಕೊಟ್ಟದ್ದೇ. 'ಚೆನ್ನಾಗಾಯ್ತು' ಎಂದುಕೊಳ್ಳಲು ನೋಡಿದಳು. ಆಗಲಿಲ್ಲ. ಹಾಗೆ ಆಗದೇ ಹೋದದ್ದಕ್ಕೆ ಸಿಟ್ಟು ಬಂದು, ಟಿಟಿ ಸೂಜಿಯನ್ನು ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಚುಚ್ಚಿದಳು.

"ನೋಯ್ತಾ?"

"ಇಲ್ಲ."

"ಸುಳ್ಳು."

"ನೋಯ್ತು. ಆದ್ರೆ... ನೋಯ್ಬೇಕಾದ್ದೇ ಅಲ್ವಾ?"

ಅವಳು ಗಾಯಕ್ಕೆ ಔಷಧಿ ಹಚ್ಚಿ ಪಟ್ಟಿ ಕಟ್ಟಿದಳು. ಮೆತ್ತಗಾಗಬೇಡ ಭವ್ಯಾ, ಮೆತ್ತಗಾದರೆ ಮುಗೀತು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಮನೆಗೆ ಬಂದಳು.

ಬಂದವಳೇ ಅಮ್ಮನಿಗೆ ಹೇಳಿದಳು. "ಉದ್ಘಾಟನೆ ದಿನ ಇಡೀ ಊರು ಬರ್ತದೆ. ಮೈಕು ನನ್ನ ಕೈಲಿರ್ತದೆ. ಅವತ್ತು ಎಲ್ಲರ ಎದುರಿಗೆ ರಾಜೇಂದ್ರನ ಹೆಸರು ಹೇಳ್ತೀನಿ ಅಮ್ಮ. ನನ್ನ ಮಾನ ಕಳೆದವನು ಇವನೇ ಅಂತ. ನೀನೂ ಅಪ್ಪನೂ ಮುಂದಿನ ಸಾಲಲ್ಲಿ ಕೂತ್ಕಂಡು ಕೇಳ್ಬೇಕು."

ದುಗ್ಗಮ್ಮ ಮೀನು ಶುಚಿ ಮಾಡುತ್ತಿದ್ದವಳು ಕೈ ನಿಲ್ಲಿಸಿದಳು. "ಆ ಹುಡುಗ ಹೋದ ತಿಂಗಳು ಮನೆಗೆ ಬಂದಿದ್ದ."

"ಇಲ್ಲಿಗಾ? ಎಂತಕ್ಕೆ?"

"ಶಾಲೆ ಆಸ್ಪತ್ರೆ ಗೋಡೆಗೆ ನೀವೇ ಹಸೆ ಬರೀಬೇಕು ಅತ್ತೆ, ಊರಿನ ಹೆಂಗಸರೆಲ್ಲ ಅದನ್ನ ನೋಡ್ಬೇಕು ಅಂದ. ಹಸೆ ಅಂದ್ರೆ ಮದುವೆಗೆ ಬರೆಯೋದು ಮಾರಾಯ, ಆಸ್ಪತ್ರೆಗಲ್ಲ, ನಾನು ಬರಿಯೋಲ್ಲ ಅಂದೆ. ಹಂಗಾರೆ ಒಂದು ಕುಂಚ ಆದ್ರೂ ಕೊಡಿ ಅಂದ. ಕೊಟ್ಟೆ."

"ಅವನಿಗೆ ಕೊಟ್ಯಾ ಅಮ್ಮ? ನಿನ್ನ ಕುಂಚ?"

"ಕೊಟ್ಟೆ. ಅವನ ಮುಖ ನೋಡಿದ್ರೆ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಹಾಗಾದರೆ ತಾನು ಕೆರೆಸಿ ಹಾಕಿದ್ದು ಅಮ್ಮನ ಕುಂಚದ ಗೆರೆ. ಆದರೂ ಭವ್ಯಾ ಹಠ ಬಿಡಲಿಲ್ಲ. ಹದಿಮೂರು ವರ್ಷ ಮಸೆದ ಕತ್ತಿಯನ್ನು ಒಂದು ಕುಂಚಕ್ಕೆ ಸೋತು ಕೆಳಗಿಡುವುದುಂಟೇ?

*

ಉದ್ಘಾಟನೆಯ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಊರಿಗೆ ಊರೇ ಬಂದಿತ್ತು. ಹುಲಿಯಮ್ಮ ಬೆಳಗಿನಿಂದ ಪಾಯಸದ ಹಂಡೆಯ ಮುಂದೆ ಬೆವರಿಳಿಸುತ್ತಿದ್ದಳು. ಮಾಸ್ತಪ್ಪ ಮತ್ತು ದುಗ್ಗಮ್ಮ ಮುಂದಿನ ಸಾಲಿಗೆ ಹೋಗದೆ ಕೊನೆಯ ಕಂಬದ ಹತ್ತಿರ ನಿಂತುಕೊಂಡರು. ಅಷ್ಟು ಜನರ ನಡುವೆ ಅವರು ಬಂದದ್ದೇ ದೊಡ್ಡದು.

ಮಕ್ಕಳು ಪ್ರಾರ್ಥನೆ ಹಾಡುತ್ತಿದ್ದರು. ಭವ್ಯಾ ವೇದಿಕೆಯ ಮೇಲೆ ಕೂತು, ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಸರದಿಗೆ ನಿಲ್ಲಿಸುತ್ತಿದ್ದಳು.

ಹಾಡುವ ಸಾಲಿನಿಂದ ಒಂದು ಹುಡುಗಿ ಧೊಪ್ಪನೆ ಬಿದ್ದಳು.

ಒಂಬತ್ತನೇ ತರಗತಿಯ ತೃಪ್ತಿ.

ಎಲ್ಲರಿಗಿಂತ ಮೊದಲು ಓಡಿಬಂದವಳು ಹುಲಿಯಮ್ಮ. ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮುಚ್ಚಿದ ಮುಷ್ಟಿ ಬಿಡಿಸಿದಳು. ಒಳಗೊಂದು ಚಿಕ್ಕ ಮಣ್ಣಿನ ಹೆಂಟೆ. ತುಟಿಯ ಅಂಚಿನಲ್ಲೂ ಕೆಂಪು.

"ಅಯ್ಯೋ ದೇವ್ರೇ... ಮಣ್ಣು ತಿಂದಿದೆ ಇದು."

ಹಿಂದಿನ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದೇ ಅಂಗಳ, ಅದೇ ಹುಲಿಯಮ್ಮ, ಅದೇ ನೋಟ... ಬಿದ್ದವಳು ಮಾತ್ರ ಬೇರೆ.

ಭವ್ಯಾ ವೇದಿಕೆಯಿಂದ ಹಾರಿಯೇ ಇಳಿದಳು. ಇಬ್ಬರು ಟೀಚರುಗಳ ಜೊತೆ ಸೇರಿ ಹುಡುಗಿಯನ್ನು ಎತ್ತಿ ಕ್ಲಿನಿಕ್ಕಿನ ಮಂಚದ ಮೇಲೆ ಮಲಗಿಸಿದಳು. ತೃಪ್ತಿಯ ಅಮ್ಮನನ್ನು ಮಾತ್ರ ಒಳಗೆ ಬಿಟ್ಟು ಬಾಗಿಲು ಹಾಕಿದಳು. ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ರಕ್ತದ ಮಟ್ಟ ಅಳೆಯುವ ಪುಟ್ಟ ಯಂತ್ರಕ್ಕೆ ಕೊಟ್ಟಳು.

ಆಗ ಹೊರಗಿನಿಂದ ಆ ದನಿ ಕೇಳಿಸಿತು. ಯಾವತ್ತೂ ಏರದ ದನಿ.

"ಹುಲಿಯಮ್ಮಕ್ಕ, ಇನ್ನೊಂದು ಮಾತು ಬಾಯಿಂದ ಬಂದ್ರೆ ಚೆನ್ನಾಗಿರಲ್ಲ."

ಮೂರು ಸಲ ಬಲೆ ಹೊಡೆಸಿದ ಕಿಟಕಿಯಿಂದ ರಾಜೇಂದ್ರನ ಬೆನ್ನು ಕಾಣುತ್ತಿತ್ತು. ಕ್ಲಿನಿಕ್ಕಿನ ಬಾಗಿಲಿಗೆ ಅಡ್ಡ ನಿಂತಿದ್ದ. ಎದುರಿಗೆ ಹುಲಿಯಮ್ಮ, ಅವಳ ಹಿಂದೆ ಹೆಂಗಸರ ಗುಂಪು.

"ನಾನು ಎಂತ ಅಂದೆ ಮಾರಾಯ? ಮಣ್ಣು ತಿಂದಿದೆ ಅಂದೆ ಅಷ್ಟೇ."

"ಅವತ್ತೂ ಅಷ್ಟೇ ಅಲ್ವಾ? ಅವತ್ತು ನಾನು ನಿಮ್ಮ ಹತ್ರ ಬಂದು ಎಂತ ಹೇಳಿದ್ದೆ, ನೆನಪಿದ್ಯಾ? ಭವ್ಯಾ ದಿನಾ ಮಣ್ಣು ತಿಂತಾಳೆ, ಬಿಳಚಿಕೊಂಡಿದಾಳೆ, ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತಾಳೆ, ನನಗೆ ಹೆದರಿಕೆ ಆಗ್ತದೆ, ಅವಳ ಅಮ್ಮನಿಗೆ ಹೇಳಿ ಆಸ್ಪತ್ರೆಗೆ ಕಳಿಸಿ ಅಂದೆ. ಅಳ್ತಾ ಹೇಳಿದ್ದೆ ಅಕ್ಕ. ನೀವು ಅದನ್ನ ಎಂತ ಮಾಡಿದ್ರಿ?"

ಹುಲಿಯಮ್ಮನ ದನಿ ಸಣ್ಣಗಾಯಿತು. "ನಾನು ಬಸುರಿಯಾದಾಗ ನನಗೆ ಮಣ್ಣಿನ ಆಸೆ ಆಗಿತ್ತು. ನನಗೆ ಗೊತ್ತಿದ್ದದ್ದು ಅಷ್ಟೇ... ಅದಕ್ಕೆ ಹಂಗೇ ಇರ್ಬೇಕು ಅಂದ್ಕಂಡೆ."

"ನೀವು ಅಂದ್ಕಂಡಿದ್ರಿ. ಅವಳು ಅನುಭವಿಸಿದ್ಲು."

ಒಳಗೆ ಯಂತ್ರ ಸಣ್ಣಗೆ ಸದ್ದು ಮಾಡಿತು. ಭವ್ಯಾ ಅಂಕಿಯನ್ನು ನೋಡಿದಳು, ಕಣ್ಣೀರಿನಲ್ಲಿ ಅದು ಕಾಣಲಿಲ್ಲ. ಒರೆಸಿಕೊಂಡು ಮತ್ತೆ ನೋಡಿದಳು. ತೃಪ್ತಿಗೂ ಅದೇ. ರಕ್ತವೇ ಇಲ್ಲ.

'ಆಸ್ಪತ್ರೆಗೆ ಕಳಿಸಿ ಅಂದಿದ್ದನಾ... ನನಗೋಸ್ಕರ ಅತ್ತಿದ್ದನಾ... ಹಾಗಾದ್ರೆ ಇಷ್ಟು ವರ್ಷ ನಾನು ದ್ವೇಷ ಮಾಡಿದ್ದು ಯಾರನ್ನ?'

ತೃಪ್ತಿ ಕಣ್ಣು ಬಿಟ್ಟಳು. "ಮೇಡಂ... ನನಗೆ ಎಂತ ಆಗಿದೆ? ಶಾಲೇಲಿ ಕೊ‌ಟ್ಟ ಮಾತ್ರೆ ತಿಂದ್ರೆ ಹೊಟ್ಟೆ ತೊಳಸ್ತಿತ್ತು, ಅದಕ್ಕೆ ಎಸೀತಿದ್ದೆ."

"ಮೈಯಲ್ಲಿ ರಕ್ತ ಕಮ್ಮಿ ಆಗಿದೆ ಪುಟ್ಟಾ. ಬೇರೆ ಎಂತದೂ ಇಲ್ಲ. ಇನ್ಮೇಲೆ ಊಟ ಆದ್ಮೇಲೆ ನಾನೇ ನಿಂತು ತಿನ್ನಿಸ್ತೀನಿ." ಅವಳ ಅಮ್ಮನ ಕೈ ಹಿಡಿದು ಮತ್ತೊಮ್ಮೆ ಹೇಳಿದಳು. "ಬೇರೆ ಎಂತದೂ ಇಲ್ಲ. ಕೇಳಿಸ್ತಾ? ಯಾರು ಕೇಳಿದ್ರೂ ನನ್ನ ಹತ್ರ ಕಳಿಸಿ."

ಆ ತಾಯಿ ಅವಳ ಭುಜಕ್ಕೆ ಹಣೆ ಒತ್ತಿ ಅತ್ತಳು. ದುಗ್ಗಮ್ಮನಿಗೆ ಅವತ್ತು ಹೀಗೆ ಹಣೆ ಒತ್ತಲು ಯಾರ ಭುಜವೂ ಇರಲಿಲ್ಲ.

*

"ಈಗ ನಮ್ಮ ಡಾಕ್ಟರ್ ಮೇಡಂ ಎರಡು ಮಾತಾಡ್ತಾರೆ" ಎಂದರು ಹೆಗಡೆಯವರು.

ಭವ್ಯಾ ಮೈಕಿನ ಮುಂದೆ ನಿಂತಳು. ರಾಜೇಂದ್ರ ಅಂಗಳದ ಅಂಚಿನಲ್ಲಿ ಕೈ ಕಟ್ಟಿ ನಿಂತಿದ್ದ. ಏನು ಬಂದರೂ ತಗೊಳ್ಳಲು ಸಿದ್ಧನಾದವನಂತಿತ್ತು ಅವನ ಮುಖ.

"ನಾನು ಮಾಸ್ತಪ್ಪ, ದುಗ್ಗಮ್ಮನ ಮಗಳು. ಇದೇ ಅಂಗಳದಲ್ಲಿ ಹಿಂದೊಂದು ದಿನ ಒಬ್ಬಳು ಹುಡುಗಿ ಬಿದ್ದಿದ್ಲು. ಅವಳು ಮಣ್ಣು ತಿಂತಿದ್ಲು. ಮೈಯಲ್ಲಿ ರಕ್ತ ಕಮ್ಮಿ ಆದ್ರೆ ಮಣ್ಣು ತಿನ್ನೋ ಆಸೆ ಆಗ್ತದೆ. ಬಸುರಿಯರಿಗೆ ಆಗೋದೂ ಎಷ್ಟೋ ಸಲ ಅದಕ್ಕೇನೇ. ಅವಳ ಹೊಟ್ಟೇಲಿ ಇದ್ದಿದ್ದು ಕೊಕ್ಕೆಹುಳ. ನೀವು ಬೇರೇನೋ ಹೇಳಿದ್ರಿ. ಆ ಹುಡುಗಿ ಯಾರು ಅಂತ ನಿಮಗೆಲ್ಲ ಗೊತ್ತು."

ಹುಲಿಯಮ್ಮ ಪಾಯಸದ ಹಂಡೆಯೊಳಗೆ ಸೌಟು ಬಿಟ್ಟು ನಿಂತಳು.

"ಇವತ್ತು ಒಬ್ಬರ ಹೆಸರು ಹೇಳಿ ಮರ್ಯಾದೆ ತೆಗೀಬೇಕು ಅಂತಲೇ ಬಂದಿದ್ದೆ. ಅವರದ್ದು ತಪ್ಪೇ ಇಲ್ಲ ಅಂತ ಈಗ ಗೊತ್ತಾಯ್ತು. ತಪ್ಪು ಇರೋರ ಹೆಸರು ಹೇಳ್ತಾ ಹೋದ್ರೆ ಪಾಯಸ ತಣ್ಣಗಾಗ್ತದೆ. ಅದಕ್ಕೆ ನನ್ನ ಸೇಡು ಬೇರೆ ಥರ ತೀರಿಸ್ಕೊಳ್ತೀನಿ."

ಅವಳು ಕ್ಲಿನಿಕ್ಕಿನ ಬಾಗಿಲಿಗೆ ಕೈ ತೋರಿಸಿದಳು.

"ಆ ಕೋಣೆಗೆ ಬಂದು ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳದೆ ಈ ಊರಿನ ಒಬ್ಬ ಹೆಂಗಸೂ ಇವತ್ತು ಪಂಕ್ತಿಗೆ ಕೂರೋ ಹಾಗಿಲ್ಲ. ಯಾರ ಮೈಯಲ್ಲಿ ಎಷ್ಟು ರಕ್ತ ಇದೆ ನೋಡೋಣ. ಮೊದಲು ಹುಲಿಯಮ್ಮ. ಇನ್ನು ಇವತ್ತು ಬಿದ್ದ ಹುಡುಗಿಗೆ ಎಂತ ಆಗಿದೆ ಅಂತ ಅವಳ ಅಮ್ಮನಿಗೆ ಹೇಳಿದೀನಿ. ನಿಮಗೆ ಹೇಳೋ ಅಗತ್ಯ ಇಲ್ಲ."

"ಮೇಡಂ, ಅತಿಥಿಗಳಿಗೆ ಊಟ..." ಹೆಗಡೆಯವರು ಪಿಸುಗುಟ್ಟಿದರು.

"ಅವರು ಗಂಡಸರಲ್ವಾ ಸಾರ್, ಬಡಿಸಿ."

ಅವತ್ತು ಆ ಕೋಣೆಯ ಮುಂದೆ ನಿಂತ ಸಾಲು ಶಾಲೆಯ ಗೇಟು ದಾಟಿತು. ಹುಲಿಯಮ್ಮ ಬೆರಳು ಚಾಚಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಭವ್ಯಾ ಚುಚ್ಚಿದಳು. ಹುಲಿಯಮ್ಮನ ರಕ್ತವೂ ಕಮ್ಮಿಯೇ ಇತ್ತು. ಅವಳ ಹಿಂದಿದ್ದವಳದ್ದೂ ಕಮ್ಮಿ. ಅದರ ಹಿಂದಿನವಳದ್ದೂ.

"ಭವ್ಯಾ..." ಹುಲಿಯಮ್ಮ ಹತ್ತಿ ಒತ್ತಿಕೊಂಡು ನಿಂತೇ ಇದ್ದಳು. "ಬರೋ ತಿಂಗಳು ನನ್ನ ಮಗನ ಮದುವೆ. ನಿಮ್ಮಮ್ಮನ್ನ ಹಸೆ ಬರೆಯೋಕೆ ಕರೀಲಾ?"

"ಅದನ್ನ ಅಮ್ಮನ ಕಾಲು ಹಿಡಿದು ಕೇಳಿ. ಬರ್ತಾಳೋ ಇಲ್ವೋ ನನಗೆ ಗೊತ್ತಿಲ್ಲ. ಮಾತ್ರೆ ಮಾತ್ರ ತಪ್ಪಿಸಬೇಡಿ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕ್ಷಮಿಸಿರಲೂ ಇಲ್ಲ.

ಸಾಲಿನ ಕೊನೆಯಲ್ಲಿ ದುಗ್ಗಮ್ಮ ಬಂದಳು. ಬೆರಳು ಕೊಟ್ಟು, ಸುತ್ತ ಒಮ್ಮೆ ನೋಡಿದಳು. "ಗೋಡೆ ಎಂತ ಹಿಂಗೆ ಬೋಳಾಗಿದೆ? ಯಾರು ಹೇಳಿದ್ದು ಬಿಳಿ ಬಳಿಯೋಕೆ?"

"ನಾನೇ ಅಮ್ಮ."

"ತಲೆ ಇಲ್ಲ ನಿನಗೆ" ಎಂದಳು ದುಗ್ಗಮ್ಮ. ಆಮೇಲೆ ಮಗಳ ಕಿವಿಯ ಹತ್ತಿರ ಬಗ್ಗಿ ಇನ್ನೇನೋ ಹೇಳಿದಳು. ಭವ್ಯಾಳ ಮುಖ ಕೆಂಪಾಯಿತು.

*

ಬಿಸಿಲು ಇಳಿದಿತ್ತು. ಜನ ಹೋಗಿದ್ದರು. ರಾಜೇಂದ್ರ ಅಂಗಳದಲ್ಲಿ ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದ.

"ಮೇಷ್ಟ್ರೇ, ನಿಮ್ಮದೊಂದು ಬಾಕಿ ಇದೆ. ಬನ್ನಿ."

ಅವನು ಬಂದು ಕೂತ. ಪಟ್ಟಿ ಕಟ್ಟಿದ ಕೈ ಬಿಟ್ಟು ಇನ್ನೊಂದು ಚಾಚಿದ. ಈ ಸಲ ಅವಳು ಮೆಲ್ಲಗೆ ಚುಚ್ಚಿದಳು.

"ಯಾಕೆ ಹೇಳ್ಲಿಲ್ಲ?" ತಲೆಯೆತ್ತದೆ ಕೇಳಿದಳು. "ಗೋಡೆ ಕೆರೆಯೋ ದಿನ ಹೇಳ್ಬೋದಿತ್ತು. ಸೂಜಿ ಚುಚ್ಚಿದ ದಿನ ಹೇಳ್ಬೋದಿತ್ತು."

"ಎಂತ ಹೇಳ್ಲಿ? ಮಣ್ಣು ತಂದುಕೊಟ್ಟವನು ನಾನು. ಯಾರಿಗೂ ಹೇಳಬಾರದು ಅಂದಿದ್ರಿ, ಹೇಳಿದವನೂ ನಾನು. ಹುಲಿಯಮ್ಮಕ್ಕ ಬೆಂಕಿ ಹಚ್ಚಿರಬೋದು, ಕಡ್ಡಿ ಕೊಟ್ಟಿದ್ದು ನಾನೇ ಅಲ್ವಾ?"

"ಹೊಸನಗರಕ್ಕೆ ಓಡಿಹೋದ್ರಿ..."

"ಓಡ್ಲಿಲ್ಲ. ಊರವರು ನನ್ನ ಹೆಸರೂ ಸೇರಿಸಿ ಮಾತಾಡಿದ್ರಲ್ಲ, ಅಪ್ಪ ಹೊಡೆದು ಹಾಸ್ಟೆಲಿಗೆ ಹಾಕಿ ಬಂದ್ರು. ಅಲ್ಲಿಂದ ಒಂದು ಸಲ ತೀರ್ಥಹಳ್ಳಿಗೆ ಬಂದಿದ್ದೆ. ನಿಮ್ಮ ಸರೋಜ ಚಿಕ್ಕಮ್ಮ ಬಾಗಿಲಲ್ಲೇ ನಿಲ್ಲಿಸಿ, ಅವಳು ಓದ್ತಿದಾಳೆ, ನೀನು ಬಂದ್ರೆ ಮತ್ತೆ ಜನರ ಬಾಯಿಗೆ ಬೀಳ್ತಾಳೆ, ಒಳ್ಳೇದು ಬಯಸೋನಾದ್ರೆ ತಿರುಗಿ ಹೋಗು ಅಂದ್ರು." ಅವನು ಹತ್ತಿಯನ್ನು ಬೆರಳಿಗೆ ಒತ್ತಿಕೊಂಡ. "ತಿರುಗಿ ಬಂದೆ. ಈ ಶಾಲೆಗೆ ಮೇಷ್ಟ್ರಾಗಿ ಬಂದ ದಿನದಿಂದ ತಲೇಲಿ ಒಂದೇ. ಇಲ್ಲಿ ಯಾವ ಹುಡುಗಿ ಬಿದ್ರೂ ಊರಿನ ಬಾಯಿಗಿಂತ ಮೊದಲು ಡಾಕ್ಟರ ಕೈಗೆ ಸಿಗಬೇಕು. ಆ ಡಾಕ್ಟರ್ ನೀವೇ ಆಗಿ ಬರ್ತೀರಿ ಅಂತ ಕನಸಲ್ಲೂ ಎಣಿಸಿರ್ಲಿಲ್ಲ."

ಭವ್ಯಾಳ ಕಣ್ಣೀರು ಅವನ ಅಂಗೈಯ ಮೇಲೆ ಬಿತ್ತು. ತಡೆಯಲು ನೋಡಲಿಲ್ಲ. ಸಿಟ್ಟು ಇದ್ದ ಜಾಗದಲ್ಲಿ ಇಷ್ಟು ವರ್ಷ ಏನಿತ್ತು ಎಂದು ಅವಳಿಗೆ ಈಗ ತಿಳಿದಿತ್ತು. ಟ್ಯಾಂಕಿನ ಹಿಂದೆ ನಿಂತ ಆ ಹುಡುಗಿಯ ಪ್ರೀತಿ, ಸಿಟ್ಟಿನ ಬಟ್ಟೆ ತೊಟ್ಟುಕೊಂಡು ಕೂತಿತ್ತು ಅಷ್ಟೆ.

"ಬೊಬ್ಬೆ ಬರೋವಷ್ಟು ಕೆರೆಸಿದೆ. ತಪ್ಪಾಯ್ತು."

"ಕೆರೆಸಿದ್ರಲ್ಲ, ವಾರಕ್ಕೆ ಎರಡು ದಿನ ನಿಮ್ಮನ್ನ ನೋಡೋಕಾದ್ರೂ ಸಿಕ್ತು."

ಅವಳು ಅಳುತ್ತಲೇ ನಕ್ಕಳು. "ಇನ್ನೂ ಒಂದು ಶಿಕ್ಷೆ ಇದೆ."

"ಹೇಳಿ."

"ಈ ಬಿಳಿ ಬಣ್ಣ ಕೆರೀಬೇಕು."

"ಮತ್ತೆ ಕೆರೀಬೇಕಾ?"

"ಹೂಂ. ನಿಮ್ಮ ಮನೆ ಹಿಂದಿನ ಧರೆಯ ಕೆಮ್ಮಣ್ಣು ತಂದು ಬಳೀಬೇಕು. ಅಮ್ಮ ಹಸೆ ಬರೀತಾಳಂತೆ."

"ಆಸ್ಪತ್ರೆಗೆ ಬರಿಯೋಲ್ಲ ಅಂದಿದ್ರು... ಮದುವೆ ಇದ್ರೆ ಮಾತ್ರ ಅಂತ..."

"ಈಗ್ಲೂ ಅದನ್ನೇ ಹೇಳ್ತಿದಾಳೆ. ಹಸೆ ಬರೀಬೇಕಾದ್ರೆ ಒಂದು ಮದುವೆ ಇರ್ಲೇಬೇಕಂತೆ."

ರಾಜೇಂದ್ರ ಅವಳ ಮುಖವನ್ನೇ ನೋಡಿದ. "ಯಾರದ್ದು?"

"ಮಕ್ಕಳಿಗೆ ಪಾಠ ಹೇಗೆ ಮಾಡ್ತೀಯೋ ಮಾರಾಯ. ಅಷ್ಟೂ ತಲೆಗೆ ಹೋಗಲ್ವಾ ನಿನಗೆ?"

'ನೀನು' ಎಂಬ ಆ ಒಂದು ಮಾತಿಗೆ ಅವನ ಕಣ್ಣು ತುಂಬಿತು. ಪಟ್ಟಿ ಕಟ್ಟಿದ ಕೈಯಿಂದಲೇ ಅವಳ ಕೈಯನ್ನು ಮುಚ್ಚಿ ಹಿಡಿದ. ಬಲೆ ಹೊಡೆದ ಕಿಟಕಿಯಿಂದ ಸಂಜೆಯ ಬಿಸಿಲು ಬೋಳು ಗೋಡೆಯ ಮೇಲೆ ಬಿದ್ದಿತ್ತು.

"ಮಣ್ಣು ತರುವಾಗ... ಒಂದು ಹೆಂಟೆ ಜಾಸ್ತಿ ತರ್ಲಾ?"

"ತಾ. ವಾಸನೆ ನೋಡೋಕೆ ಮಾತ್ರ." ಅವಳು ಅವನ ಭುಜಕ್ಕೆ ತಲೆಯಿಟ್ಟಳು. "ಯಾರಿಗೂ ಹೇಳಬಾರದು."

"ಈ ಸಲ ಊರಿಗೆಲ್ಲ ಹೇಳ್ತೀನಿ ಭವ್ಯಾ."

"ಹೇಳು" ಎಂದಳು ಅವಳು.